ಚುಕ್ಕಿಯ ಮೇಲಂಚು

"ಇದು ಚುಕ್ಕಿ ಒತ್ತೋ ರೀತಿ ಏನ್ರಿ? ನೀವು ಚುಕ್ಕಿ ತಲಿ ಮ್ಯಾಲ ಕುಂತೀರಿ!"

ಅವನು ಅವಳೊಂದಿಗೆ ಆಡಿದ ಮೊಟ್ಟಮೊದಲ ಮಾತು ಇದು. ನಮಸ್ಕಾರವಿಲ್ಲ, ಹೆಸರು ಕೇಳಲಿಲ್ಲ, ಯಾವ ಊರು ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತವನೇ ಅವಳ ಲ್ಯಾಪ್‌ಟಾಪ್ ಪರದೆ ನೋಡಿ ಹೀಗೆಂದುಬಿಟ್ಟ.

ಕಾಂಚನಾಳ ಕಿವಿ ಬಿಸಿಯಾಯಿತು.

'ಯಾರಿವನು! ಒಂದು ಗುಟುಕು ನೀರು ಕುಡಿಯುವ ಮೊದಲೇ ತಪ್ಪು ತೆಗೆಯುತ್ತಾನಲ್ಲ...'

"ನೀವು ಎಲ್ಲಿ ಒತ್ತೀರಿ ಅದನ್ನೂ ಸ್ವಲ್ಪ ತೋರಸ್ರಲಾ," ಎಂದಳು, ಸಿಟ್ಟು ನುಂಗಿಕೊಂಡು.

ಅವನು ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಅದೇ ಹಳೆಯ ಗ್ರಾಫ್. ಮಸಿ ಹರಡಿ ದಪ್ಪಗಾದ ಅವೇ ಕಪ್ಪು ಚುಕ್ಕಿಗಳು. ಆದರೆ ಅವನು ಒತ್ತಿದ ಕೆಂಪು ಗುರುತುಗಳೆಲ್ಲ ಚುಕ್ಕಿಗಳ ಬುಡದಲ್ಲಿದ್ದವು.

"ಅಯ್ಯ! ನೀವು ಚುಕ್ಕಿ ಕಾಲಿಗೆ ಬಿದ್ದೀರಲ್ರಿ!"

ಪಕ್ಕದಲ್ಲಿ ಕುಳಿತಿದ್ದ, ಇಬ್ಬರನ್ನೂ ಕೆಲಸಕ್ಕೆ ಕರೆದಿದ್ದ ಯಾಸ್ಮೀನ ಮೇಡಂಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತಲೇ ನಕ್ಕರು.

"ಪರಿಚಯ ಆತಲ್ಲ? ಕಾಂಚನಾ, ಇಂವ ಕೊಟ್ರೇಶ, ಮುಂಡರಗಿ ಕಡೆ ಕೊರ್ಲಹಳ್ಳಿಯಾಂವ. ಕೊಟ್ರೇಶ, ಈಕಿ ಕಾಂಚನಾ, ಲಕ್ಷ್ಮೇಶ್ವರದಾಕಿ. ಇನ್ನ ಜಗಳಾ ಚಾಲೂ ಇಡ್ರಿ."

ಚುಕ್ಕಿ ಒತ್ತುವುದು ಎಂದರೇನು ಎಂದು ನೀವು ಕೇಳಬಹುದು. ಕಾಂಚನಾಳ ಅವ್ವನೂ ಕೇಳಿದ್ದಳು. "ಎಂ.ಎಸ್ಸಿ. ಓದಿ ಚುಕ್ಕಿ ಒತ್ತಾಕ ಗದಗಿಗೆ ಹೊಂಟೀಯೇನ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು.

ಸಂಗತಿ ಇಷ್ಟೇ. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಹೇಗೆ ಬರುತ್ತದೆ ಎಂದು ಹಿಂದಿನ ವಿಜ್ಞಾನಿಗಳು ಸಾಕಷ್ಟು ಪರೀಕ್ಷೆ ಮಾಡಿ ಲೇಖನ ಬರೆದಿದ್ದರು. ಆದರೆ ಅಂಕಿಗಳನ್ನು ಕೊಟ್ಟಿರಲಿಲ್ಲ. ಒಂದು ಗ್ರಾಫ್ ಅಚ್ಚು ಹಾಕಿಸಿ ಕೈ ತೊಳೆದುಕೊಂಡಿದ್ದರು! ಈಗ ಕೇಳೋಣವೆಂದರೆ ಕೆಲವರು ತೀರಿಹೋಗಿದ್ದಾರೆ, ಕೆಲವರ ಕಾಗದಗಳನ್ನು ಗೆದ್ದಲು ತಿಂದಿದೆ. ಉಳಿದಿರುವುದು ಅಚ್ಚಾದ ಚುಕ್ಕಿಗಳು ಮಾತ್ರ.

ಆ ಚುಕ್ಕಿಗಳಿಂದಲೇ ಅಂಕಿಗಳನ್ನು ವಾಪಸ್ ತೆಗೆಯಬೇಕು. ಗ್ರಾಫನ್ನು ಸ್ಕ್ಯಾನ್ ಮಾಡಿ, ಅಡ್ಡಗೆರೆ ಎಲ್ಲಿ, ನಿಂತ ಗೆರೆ ಎಲ್ಲಿ, ಸೊನ್ನೆ ಎಲ್ಲಿ ಎಂದು ಕಂಪ್ಯೂಟರಿಗೆ ತೋರಿಸಿ, ಆಮೇಲೆ ಒಂದೊಂದೇ ಚುಕ್ಕಿಯ ಮೇಲೆ ಬಾಣ ತಂದು ಒತ್ತಿದರೆ ಅದರ ಅಂಕಿ ಬೀಳುತ್ತದೆ. ಎಕರೆಗೆ ಇಷ್ಟು ಜೋಳ ಎಂದು.

ಇದನ್ನು ಗ್ರಾಫ್ ಓದುವುದು ಎನ್ನುತ್ತಾರೆ. ಒಬ್ಬರು ಓದಿದರೆ ಸಾಲದು. ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕುಳಿತು, ಒಬ್ಬರದನ್ನು ಇನ್ನೊಬ್ಬರು ನೋಡದೆ ಓದಬೇಕು. ಶನಿವಾರ ಮೇಡಂ ಎದುರು ಇಬ್ಬರ ಅಂಕಿಗಳನ್ನೂ ತಾಳೆ ನೋಡಬೇಕು. ವ್ಯತ್ಯಾಸ ಬಂದಲ್ಲಿ ನಡುವಿನದನ್ನು ಹಿಡಿಯಬೇಕು.

ಗದಗ-ಬೆಟಗೇರಿಯ ಆ ಮಹಡಿ ಆಫೀಸಿನಲ್ಲಿ ಮೊದಲ ದಿನ ರೂಢಿಗೆಂದು ಇಬ್ಬರಿಗೂ ಒಂದೇ ಗ್ರಾಫ್ ಕೊಟ್ಟು ಆ ಜಗಳ ನೋಡಿದ ಯಾಸ್ಮೀನ ಮೇಡಂ ಅಂದೇ ಹೇಳಿದ್ದರು.

"ಒಬ್ಬರದು ಒಬ್ಬರು ನೋಡಿ ಒತ್ತಿದ್ರ ಅವು ಎರಡು ಓದು ಅಲ್ಲ, ಒಂದ ಓದು. ಅಂಥಾ ಕೆಲಸಕ್ಕ ಮೂರು ಕಾಸಿನ ಕಿಮ್ಮತ್ತಿಲ್ಲ. ಮಾತಾಡ್ರಿ, ನಗ್ರಿ, ಕೂಡಿ ಊಟಾ ಮಾಡ್ರಿ... ಆದ್ರ ಶನಿವಾರದ ತನಕ ಗ್ರಾಫಿನ ಮಾತು ಬ್ಯಾಡ!"

ಕಾಂಚನಾಗೆ ಈ ನಿಯಮ ಬಹಳ ಹಿಡಿಸಿತ್ತು. ಅದಕ್ಕೆ ಕಾರಣವೂ ಇತ್ತು. ಎಂ.ಎಸ್ಸಿ.ಯಲ್ಲಿ ಜೀವಕ್ಕೆ ಜೀವ ಎನ್ನುತ್ತಿದ್ದ ಗೆಳತಿಯೊಬ್ಬಳು ಅವಳ ಪ್ರಾಜೆಕ್ಟನ್ನು ಪೂರ್ತಿ ನಕಲು ಮಾಡಿ ಮೊದಲೇ ಒಪ್ಪಿಸಿಬಿಟ್ಟಿದ್ದಳು. ಕೊನೆಗೆ ಕದ್ದವಳು ಎನ್ನಿಸಿಕೊಂಡದ್ದು ಕಾಂಚನಾ. ಆ ಗಾಯ ಇನ್ನೂ ಮಾಗಿರಲಿಲ್ಲ.

ಶನಿವಾರಗಳು ಬಂದವು, ಹೋದವು. ಜಗಳ ಮಾತ್ರ ಹಾಗೇ ಇತ್ತು.

ಚುಕ್ಕಿಯ ನಡುವೆ ಒತ್ತಬೇಕು ಎಂದು ಇಬ್ಬರಿಗೂ ಗೊತ್ತು. ಇಬ್ಬರೂ ನಡುವೆಯೇ ಒತ್ತುತ್ತಿದ್ದೇವೆ ಎಂದು ನಂಬಿದ್ದರು ಕೂಡ. ಆದರೆ ಕೈ ಎನ್ನುವುದು ಕೇಳಬೇಕಲ್ಲ? ಅವಳ ಕೈ ಮೇಲಂಚಿಗೆ ಹೋಗುತ್ತಿತ್ತು, ಅವನ ಕೈ ಕೆಳ ಅಂಚಿಗೆ ಇಳಿಯುತ್ತಿತ್ತು. ಅವಳ ಲೆಕ್ಕದಲ್ಲಿ ಪ್ರತಿ ಹೊಲದಲ್ಲೂ ಜೋಳ ತುಸು ಹೆಚ್ಚು. ಅವನ ಲೆಕ್ಕದಲ್ಲಿ ತುಸು ಕಡಿಮೆ.

"ನಿಮ್ಮ ಕೈಯಾಗ ಕೊಟ್ರ ಜಿಲ್ಲಾದ ರೈತರೆಲ್ಲಾ ಸಾಹುಕಾರ ಆಗ್ತಾರ ನೋಡ್ರಿ," ಎನ್ನುತ್ತಿದ್ದ ಕೊಟ್ರೇಶ.

"ನಿಮ್ಮ ಕೈಯಾಗ ಕೊಟ್ರ ಬಿತ್ತಿದ ಬೀಜಾನೂ ವಾಪಸ್ ಬರಂಗಿಲ್ಲ," ಎನ್ನುತ್ತಿದ್ದಳು ಕಾಂಚನಾ.

"ನೀವಿಬ್ರೂ ಇರೋದ್ರಿಂದ ನನ್ನ ಲೆಕ್ಕ ಸರಿ ಬರಾಕತ್ತೈತಿ," ಎನ್ನುತ್ತಿದ್ದರು ಮೇಡಂ, ಎರಡನ್ನೂ ಕೂಡಿಸಿ ಅರ್ಧ ಮಾಡುತ್ತ.

ಒಮ್ಮೆ ಒಂದು ಗ್ರಾಫಿನ ಸ್ಕ್ಯಾನ್ ತೀರಾ ಮಸುಕಾಗಿ ಬಂತು. ಆ ಗ್ರಾಫ್ ಬಂದ ಸಂಚಿಕೆಯ ಅಚ್ಚಾದ ಪ್ರತಿ ಶಿರಹಟ್ಟಿಯ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿದೆ ಎಂದು ಗೊತ್ತಾಗಿ ಮೇಡಂ ಇಬ್ಬರನ್ನೂ ಕಳಿಸಿದರು.

ಹೊಸ ಸ್ಕ್ಯಾನ್ ಮಾಡಿಕೊಂಡು, ಮಾಸ್ತರರ ಮನೆಯ ಅವಲಕ್ಕಿ ತಿಂದು ಶಿರಹಟ್ಟಿ ಬಸ್‌ಸ್ಟ್ಯಾಂಡಿಗೆ ಬಂದಾಗ ಇಳಿಹೊತ್ತು. ಅವಳು ಅಲ್ಲಿಂದಲೇ ಲಕ್ಷ್ಮೇಶ್ವರಕ್ಕೆ, ತನ್ನ ಮನೆಗೆ. ಅವನು ಗದಗಿನ ತನ್ನ ರೂಮಿಗೆ. ಎರಡೂ ಬಸ್ಸುಗಳ ಸುಳಿವಿರಲಿಲ್ಲ.

ಕಲ್ಲಿನ ಬೆಂಚಿನ ಮೇಲೆ ನಡುವೆ ಒಂದು ಚೀಲವಿಟ್ಟುಕೊಂಡು ಕುಳಿತರು.

"ಒಂದು ಮಾತು ಕೇಳ್ಲೇನ್ರಿ?" ಎಂದಳು ಕಾಂಚನಾ. "ನೀವು ಎಲ್ಲಾದ್ರಾಗೂ ಯಾಕ ಕಡಿಮಿ ಹಿಡೀತೀರಿ?"

ಕೊಟ್ರೇಶ ಸ್ವಲ್ಪ ಯೋಚಿಸಿದ.

"ನಮ್ಮಪ್ಪ ಹಂಗರಿ. ರಾಶಿ ಮಾಡೂಮುಂದ ಯಾರರ ಎಷ್ಟು ಬಂದೀತು ಅಂದ್ರ ಕಡಿಮಿ ಹೇಳ್ತಾನ. ಹೆಚ್ಚಿಗಿ ಬಂದ್ರ ಮನಿಮಂದಿಗೆಲ್ಲಾ ಖುಷಿ. ಬರಲಿಲ್ಲ ಅಂದ್ರ ಯಾರಿಗೂ ಬ್ಯಾಸರ ಇಲ್ಲ. ಅದ ರೂಢಿ ಆಗೇತಿ... ನಿಮ್ಮದೇನು? ಇಲ್ಲದ ಜೋಳಾನೂ ಕಾಣ್ತೈತಿ ನಿಮಗ!"

ಅವಳು ನಕ್ಕಳು.

"ನಮ್ಮವ್ವ ದಿನಾ ಎರಡು ರೊಟ್ಟಿ ಹೆಚ್ಚಿಗಿ ಬಡೀತಾಳರಿ. ಯಾರರ ಬಂದ್ರ ಅಂತ. ಯಾರೂ ಬರಂಗಿಲ್ಲ! ಆದ್ರೂ ಮರುದಿನಾ ಮತ್ತ ಎರಡು ಹೆಚ್ಚಿಗಿ. ಬರ್ತಾರ ಅಂತ ನಂಬಿದ್ರ ಅಲ್ಲೇನ್ರಿ ಬರೋದು?"

ಅವನು ರಸ್ತೆಯ ಕಡೆ ನೋಡುತ್ತ ಕುಳಿತ. ಅವನ ಮುಖದಲ್ಲಿ ಎಂದೂ ಇಲ್ಲದ ಒಂದು ನಗೆ ಬಂದು ಹೋದದ್ದನ್ನು ಕಾಂಚನಾ ನೋಡಿದಳು.

'ಇವನು ನಕ್ಕರೆ ಇಷ್ಟು ಚೆನ್ನಾಗಿ ಕಾಣುತ್ತಾನಾ...!'

ಛೆ, ಏನು ಯೋಚನೆ ಇದು! ಅವಳು ಸೆರಗಿಲ್ಲದ ಚೂಡಿದಾರದಲ್ಲಿ ಇಲ್ಲದ ಸೆರಗು ಸರಿಪಡಿಸಿಕೊಂಡಳು.

ಲಕ್ಷ್ಮೇಶ್ವರದ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತವಳು, "ಸೋಮವಾರ ಜಲ್ದಿ ಬರ್ತೀನ್ರಿ!" ಎಂದಳು.

"ಬಸ್ ತಡಾ ಆಗತೈತಿ ಅಂತ ಇಟ್ಕೋರಿ. ಜಲ್ದಿ ಬಂದ್ರ ಆವಾಗ ಖುಷಿಪಡೂಣು," ಎಂದ ಅವನು ಕೆಳಗಿನಿಂದ.

ಆಮೇಲಿನ ದಿನಗಳಲ್ಲಿ ಏನೇನೋ ಬದಲಾಯಿತು. ಅಷ್ಟು ಮೆಲ್ಲಗೆ ಬದಲಾಯಿತೆಂದರೆ ಇಬ್ಬರ ಗಮನಕ್ಕೂ ಬರಲಿಲ್ಲ.

"ಸಂಜಿಗೆ ಬೇಗ ಬಂದುಬಿಡ್ತೀನಿ" ಎನ್ನುತ್ತಿದ್ದ ಮಗಳು ಈಗ "ತಡಾ ಆದ್ರ ಗಾಬರಿ ಆಗಬ್ಯಾಡಬೇ" ಎಂದು ಹೇಳಿ ಹೊರಡುವುದನ್ನು ಲಕ್ಷ್ಮೇಶ್ವರದ ಅವ್ವ ಗಮನಿಸಿದಳು. ಊರಿಂದ ವಾರಕ್ಕೆ ಬೇಕಾಗುವಷ್ಟೇ ಖಡಕ್ ರೊಟ್ಟಿ ತರುತ್ತಿದ್ದ ಕೊಟ್ರೇಶನ ಡಬ್ಬಿ ಈಗ ಮುಚ್ಚಳ ಹಾಕಲು ಬಾರದಷ್ಟು ತುಂಬಿರುತ್ತಿತ್ತು. ಮಧ್ಯಾಹ್ನ ಮೂವರೂ ಕೂಡಿ ಕುಳಿತರೆ ಅವನೇ ಮೊದಲು ರೊಟ್ಟಿ ಮುರಿದು ಕಾಂಚನಾಳ ತಾಟಿಗೆ ಇಡುತ್ತಿದ್ದ. ಮೇಡಂ ಏನೂ ಕಾಣದವರಂತೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

ಒಂದು ಶುಕ್ರವಾರ ಕಾಂಚನಾ ಚಹಾ ಕುಡಿಯಲು ಕೆಳಗಿಳಿದಿದ್ದಳು. ಕೆಳಗಿನ ಮನೆಯ ಕೈಮಗ್ಗದ ಸದ್ದು ಕೇಳುತ್ತ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಮೇಲೆ ಬಂದರೆ ಅವಳ ಕೋಣೆಯಲ್ಲಿ, ಅವಳ ಟೇಬಲ್ಲಿನ ಪಕ್ಕ ಕೊಟ್ರೇಶ!

ಅವಳನ್ನು ನೋಡಿ ತಡಬಡಿಸಿದ.

"ಏನಿಲ್ಲರಿ... ಗುರೆಳ್ಳ ಹಿಂಡಿ. ನಮ್ಮವ್ವ ಕೊಟ್ಟು ಕಳಿಸ್ಯಾಳ. ಇಟ್ಟು ಹೋಗೂಣು ಅಂತ..."

ಚಟ್ನಿಪುಡಿಯ ಕಾಗದದ ಪೊಟ್ಟಣ ಟೇಬಲ್ಲಿನ ಮೇಲಿತ್ತು. ಅವಳ ಲ್ಯಾಪ್‌ಟಾಪ್ ತೆರೆದೇ ಇತ್ತು. ಅದು ಆಗ ಅವಳ ಕಣ್ಣಿಗೆ ಬೀಳಲೇ ಇಲ್ಲ. ಪೊಟ್ಟಣವನ್ನು ಎತ್ತಿ ಮೂಸಿ ನೋಡಿ, ಆ ಸಂಜೆಯೆಲ್ಲ ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗುತ್ತ ಊರಿಗೆ ಹೋದಳು.

ಮರುದಿನ ಶನಿವಾರ.

ಎಂದಿನಂತೆ ಮೇಡಂ ಇಬ್ಬರ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟರು. ವ್ಯತ್ಯಾಸದ ಕಾಲಂ ತೆರೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅರೇ... ಇದೇನಿದು?"

ವ್ಯತ್ಯಾಸ ಕೆಲವು ವಾರಗಳಿಂದ ಕುಗ್ಗುತ್ತ ಬಂದಿತ್ತು, ಯಾರೂ ಗಮನಿಸಿರಲಿಲ್ಲ. ಈಗ ಅದು ಇರಲೇ ಇಲ್ಲ! ಗ್ರಾಫಿನ ನಂತರ ಗ್ರಾಫ್, ಚುಕ್ಕಿಯ ನಂತರ ಚುಕ್ಕಿ, ಅವಳ ಅಂಕಿಯೂ ಅವನ ಅಂಕಿಯೂ ಹೆಚ್ಚುಕಡಿಮೆ ಒಂದೇ. ಇಷ್ಟು ದಿನ ಅವಳಿಗಿಂತ ಕಡಿಮೆ ಓದುತ್ತಿದ್ದವನು ಈ ವಾರ ಅವಳು ನಿಂತಲ್ಲೇ ಬಂದು ನಿಂತಿದ್ದ.

ಹಾಗೆ ಆಗುವುದಿಲ್ಲ. ಎರಡು ಕೈಗಳು ಹಾಗೆ ಕೂಡುವುದಿಲ್ಲ. ಈ ಕೆಲಸ ಮಾಡಿದ ಯಾರಿಗಾದರೂ ಅದು ಗೊತ್ತು.

ಕಾಂಚನಾಳಿಗೆ ನಿನ್ನೆಯದೆಲ್ಲ ನೆನಪಾಯಿತು. ತೆರೆದಿದ್ದ ಲ್ಯಾಪ್‌ಟಾಪ್... ಟೇಬಲ್ಲಿನ ಪಕ್ಕ ನಿಂತಿದ್ದ ಅವನು... ತಡಬಡಿಸಿದ ಆ ಮಾತು...

'ಹಿಂಡಿ ಬರೀ ನೆಪ! ಮತ್ತೆ ಅದೇ ಆಯಿತು. ನಂಬಿದೆ, ಮತ್ತೆ ಅದೇ ಆಯಿತು!'

"ಮೇಡಂ, ನಿನ್ನಿ ಇವರು ನನ್ನ ಕೋಣ್ಯಾಗ ಇದ್ರು," ಎಂದಳು. "ನನ್ನ ಲ್ಯಾಪ್‌ಟಾಪ್ ತಗದ ಇತ್ತು. ಇವರು ನನ್ನ ಅಂಕಿ ಕದ್ದಾರ!"

ಪಕ್ಕದ ಕೋಣೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದವರು ಕೈ ನಿಲ್ಲಿಸಿ ಬಾಗಿಲಿಗೆ ಬಂದರು.

ಕೊಟ್ರೇಶನ ಮುಖ ಬಿಳಿಚಿಕೊಂಡಿತು.

"ನಾ ನೋಡಿಲ್ಲರಿ."

"ಹಂಗಾದ್ರ ಹೆಂಗ ಕೂಡಿತು? ಹೇಳ್ರಿ! ನಿಮ್ಮ ಕೈ ನನ್ನ ಕೈಗೆ ಹೆಂಗ ಬಂತು?"

ಅವನು ಬಾಯಿ ತೆರೆದ. ಅವಳ ಕಣ್ಣನ್ನು ಒಂದು ಕ್ಷಣ ನೋಡಿದ. ಮತ್ತೆ ಬಾಯಿ ಮುಚ್ಚಿದ.

ಉತ್ತರ ಅವನ ಹತ್ತಿರ ಇತ್ತು. ಆದರೆ ಅದು ನಾಲ್ಕು ಜನರ ಮುಂದೆ, ಸಿಟ್ಟಾದ ಹುಡುಗಿಯ ಎದುರು ಹೇಳುವಂಥ ಉತ್ತರವಾಗಿರಲಿಲ್ಲ.

"ಹೇಳಪಾ ಕೊಟ್ರೇಶ," ಎಂದರು ಮೇಡಂ ಮೆತ್ತಗೆ.

"ಮೇಡಂ... ನಾ ಕದ್ದಿಲ್ಲ. ಆದ್ರ ಒಂದು ಮಾತು ಖರೆ. ಇದು ಎರಡನೇ ಓದು ಅಲ್ಲ. ನನ್ನ ಓದು ತಗದುಬಿಡ್ರಿ. ನಾ ಇನ್ನ ಈ ಕೆಲಸಕ್ಕ ಬರಂಗಿಲ್ಲ."

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದುಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

'ತಪ್ಪಿಲ್ಲದವನು ಯಾಕೆ ಓಡಿಹೋಗುತ್ತಾನೆ?' ಎಂದುಕೊಂಡಳು ಕಾಂಚನಾ. ಗೆದ್ದೆ ಎನ್ನಿಸಬೇಕಿತ್ತು. ಅಳು ಬಂತು.

ಭಾನುವಾರ ಅವ್ವ ಬಡಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದಳು. ಗುರೆಳ್ಳ ಹಿಂಡಿಯ ಪೊಟ್ಟಣವನ್ನು ಎಸೆಯಲು ಹೊರಟವಳು ಎಸೆಯದೆ ಕಪಾಟಿನಲ್ಲಿಟ್ಟಳು.

ಸೋಮವಾರ ಆಫೀಸಿಗೆ ಬಂದಾಗ ಮೇಡಂ ಕಾಯುತ್ತಿದ್ದರು.

"ಕುಂಡ್ರವಾ ಕಾಂಚನಾ. ಒಂದು ವಿಷಯ ನನ್ನ ಲಕ್ಷ್ಯಕ್ಕನ ಬಂದಿರಲಿಲ್ಲ. ಕೊಟ್ರೇಶ ಈ ವಾರದ ತನ್ನ ಓದು ನನಗ ಗುರುವಾರನ ಕಳಿಸ್ಯಾನ. ಮೇಲ್‌ನ್ಯಾಗ ಐತಿ, ನೋಡು. ನೀ ಅವನನ್ನ ನಿನ್ನ ಕೋಣ್ಯಾಗ ನೋಡಿದ್ದು ಶುಕ್ರವಾರ."

ಕಾಂಚನಾ ನೋಡಿದಳು. ಮತ್ತೊಮ್ಮೆ ನೋಡಿದಳು.

"ಹಂಗಾದ್ರ... ಹಂಗಾದ್ರ ಹೆಂಗ ಕೂಡಿತ್ರಿ ಮೇಡಂ?"

"ಅದನ್ನ ನೋಡೂಣು. ಒಬ್ಬರ ಕೈ ಬದಲಾದ್ರ ಇನ್ನೊಬ್ಬರ ಕೈನೂ ಪರೀಕ್ಷಾ ಮಾಡಬೇಕು. ನೀವಿಬ್ರೂ ಮೊದಲ ಜಗಳಾ ಮಾಡಿದ ಗ್ರಾಫ್ ಐತಲ್ಲ, ಅದನ್ನ ತಗಿ. ಹೊಸದಾಗಿ ಓದು. ನಾ ಇಲ್ಲೇ ಕುಂತಿರ್ತೀನಿ."

ಅವಳು ಓದಿದಳು. ಅಡ್ಡಗೆರೆ, ನಿಂತ ಗೆರೆ, ಸೊನ್ನೆ. ಒಂದೊಂದೇ ಚುಕ್ಕಿ. ಎಂದಿನಂತೆಯೇ ಒತ್ತಿದಳು, ಒಂದಿಷ್ಟೂ ಬೇರೆ ಮಾಡಲಿಲ್ಲ. ಮುಗಿದ ಮೇಲೆ ಮೇಡಂ ಅವಳ ಹಳೆಯ ಅಂಕಿಗಳನ್ನು ಪಕ್ಕದಲ್ಲಿ ತೆರೆದಿಟ್ಟರು.

ಪ್ರತಿಯೊಂದೂ ಇಳಿದಿತ್ತು.

ಅವಳದೇ ಗ್ರಾಫ್, ಅವಳದೇ ಕೈ. ಆದರೆ ಚುಕ್ಕಿಯ ಮೇಲಂಚಿನಲ್ಲಿ ಇರುತ್ತಿದ್ದ ಕೆಂಪು ಗುರುತು ಈಗ ಕೆಳಗೆ ಸರಿದು, ನಟ್ಟನಡುವೆ ಬಂದು ಕುಳಿತಿತ್ತು.

"ತಡೀರಿ ಮೇಡಂ, ಇನ್ನೊಮ್ಮೆ ಓದ್ತೀನಿ!"

ಇನ್ನೊಮ್ಮೆ ಓದಿದಳು. ಅದೇ ಬಂತು.

ಅವನೊಬ್ಬನೇ ಏರಿ ಬಂದಿರಲಿಲ್ಲ. ಅವಳೂ ಇಳಿದು ಹೋಗಿದ್ದಳು! ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ನಡುವೆ ಬಂದು ಸೇರಿದ್ದರು.

"ನೀ ಅವನ ಅಂಕಿ ನೋಡಿದ್ದೇನವಾ?" ಎಂದು ಕೇಳಿದರು ಮೇಡಂ.

"ಇಲ್ಲರಿ! ಆಣಿ ಮಾಡಿ ಹೇಳ್ತೀನಿ, ಇಲ್ಲ!"

"ಹಂಗಾದ್ರ ನಿನ್ನ ಕೈ ಅವನ ಕಡೆ ಹೆಂಗ ಹೋತು?"

ಕಾಂಚನಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಉತ್ತರ ಇತ್ತು. ಶಿರಹಟ್ಟಿಯ ಕಲ್ಲುಬೆಂಚಿನಲ್ಲಿ ಇತ್ತು. ತಾಟಿಗೆ ಬಿದ್ದ ಮುರಿದ ರೊಟ್ಟಿಯಲ್ಲಿ ಇತ್ತು. ಬಾಣವನ್ನು ಚುಕ್ಕಿಯ ಹತ್ತಿರ ತಂದಾಗಲೆಲ್ಲ 'ಕಡಿಮಿ ಹಿಡೀರಿ, ಆಮ್ಯಾಲ ಖುಷಿಪಡೂಣು' ಎನ್ನುವ ಅವನ ದನಿ ಕಿವಿಯಲ್ಲಿ ಇರುತ್ತಿತ್ತು. ಎಷ್ಟೋ ದಿನದಿಂದ ಇರುತ್ತಿತ್ತು. ಆದರೆ ಇದನ್ನು ಮೇಡಂ ಎದುರು ಹೇಗೆ ಹೇಳುವುದು?

ಆಗ ಅವಳಿಗೆ ಶನಿವಾರದ ಅವನ ಮೌನ ಅರ್ಥವಾಯಿತು. ಕಣ್ಣು ತುಂಬಿ ಬಂತು.

"ಮೇಡಂ... ನಾ ಎಲ್ಲಾರ ಮುಂದ ಅವರನ್ನ ಕಳ್ಳ ಅಂದೆ."

"ಅಂದಿ. ಮನಷಾ ಮಾನಕ್ಕ ಅಂಜತಾನ. ಅಂವ ತನ್ನ ಮಾನಾ ಬಿಟ್ಟು ನಿನ್ನ ಮಾನಾ ನೋಡ್ಯಾನ." ಮೇಡಂ ಚಹಾ ಲೋಟವನ್ನು ಕೆಳಗಿಟ್ಟರು. "ಈಗ ನನ್ನ ಕಷ್ಟ ಕೇಳು. ಶಾಸ್ತ್ರದ ಪ್ರಕಾರ ನೀವಿಬ್ರೂ ಇನ್ನ ಎರಡು ಓದು ಅಲ್ಲ, ಒಂದ ಓದು. ನಾ ಇನ್ನೊಬ್ಬರನ್ನ ಹುಡುಕಬೇಕು. ಈ ವಾರದ ಗ್ರಾಫೆಲ್ಲಾ ಮತ್ತ ಓದಸಬೇಕು. ಅವನಿಗೆ ಹೇಳು, ಅಂಕಿ ಎಲ್ಲಾ ಕೂಡಿಸಿ ಲೆಕ್ಕಾ ಕಟ್ಟೋ ಕೆಲಸ ಖಾಲಿ ಐತಿ ಅಂತ. ನಾ ಫೋನ್ ಮಾಡಿದ್ರ ಅಂವ ಎತ್ತವೊಲ್ಲ."

ಕಾಂಚನಾ ಎದ್ದು ಮೊದಲು ಪಕ್ಕದ ಕೋಣೆಗೆ ಹೋದಳು. ಶನಿವಾರ ಬಾಗಿಲಿಗೆ ಬಂದು ನಿಂತವರ ಎದುರು ನಿಂತು ಗಟ್ಟಿಯಾಗಿ ಹೇಳಿದಳು.

"ಕೊಟ್ರೇಶವ್ರು ಏನೂ ಕದ್ದಿಲ್ಲರಿ. ತಪ್ಪು ನಂದು. ನಾನ ಸುಳ್ಳು ಹೇಳಿದಂಗಾತು."

ಆಮೇಲೆ ಬಸ್‌ಸ್ಟ್ಯಾಂಡಿಗೆ ನಡೆದಳು. ಅವಳೂ ಫೋನ್ ಮಾಡಿ ನೋಡಬಹುದಿತ್ತು. ಆದರೆ ಮುಖದ ಮೇಲೆ ಅಂದ ಮಾತನ್ನು ಫೋನಿನಲ್ಲಿ ವಾಪಸ್ ತೆಗೆದುಕೊಳ್ಳುವುದು ಅವಳಿಗೆ ಸರಿಕಾಣಲಿಲ್ಲ.

ಮುಂಡರಗಿಯ ಬಸ್ಸು ಹೊರಟಿತು. ಕಪ್ಪತಗುಡ್ಡದ ಮೇಲೆ ಗಾಳಿಕಂಬಗಳು ನಿಧಾನವಾಗಿ ತಿರುಗುತ್ತಿದ್ದವು. ರಸ್ತೆಯ ಎರಡೂ ಕಡೆ ಎರೆಹೊಲದಲ್ಲಿ ಜೋಳ ತೆನೆ ಹಿಡಿದು ನಿಂತಿತ್ತು. ಇಷ್ಟು ದಿನ ಚುಕ್ಕಿಗಳಲ್ಲಿ ನೋಡಿದ ಜೋಳ. ಎಕರೆಗೆ ಎಷ್ಟು ಬಂದೀತು ಎಂದು ಅಂದಾಜು ಮಾಡಲು ಹೋದಳು, ಮನಸ್ಸು ನಿಲ್ಲಲಿಲ್ಲ.

'ಅವನು ಮುಖ ತಿರುಗಿಸಿದರೆ? ಹೋಗು ಎಂದುಬಿಟ್ಟರೆ?'

ಮುಂಡರಗಿಯಲ್ಲಿ ಬಸ್ಸು ಬದಲಿಸಿ ಕೊರ್ಲಹಳ್ಳಿಯಲ್ಲಿ ಇಳಿದಳು. ಕೇಳಿದವರಿಗೆಲ್ಲ ಕೊಟ್ರೇಶನ ಮನೆ ಗೊತ್ತಿತ್ತು. ಅಂಗಳದಲ್ಲಿ ಹೆಂಗಸೊಬ್ಬಳು ಜೋಳದ ಹಿಟ್ಟು ಸಾಣಿಸುತ್ತ ಕುಳಿತಿದ್ದಳು. ಅವನ ಅವ್ವ, ಶಾರದವ್ವ. ನಗೆ ನೋಡಿದರೇ ಗೊತ್ತಾಗುತ್ತಿತ್ತು.

"ಯಾರವಾ ನೀ? ಒಳಗ ಬಾ, ಬಿಸಲಾಗ ನಿಂತೀಯಲ್ಲ."

"ನಾ ಗದಗಿಂದ ಬಂದೀನ್ರಿ ಅವ್ವಾರ... ಕೊಟ್ರೇಶವ್ರ ಜೋಡಿ ಕೆಲಸ ಮಾಡಾಕಿ."

ಶಾರದವ್ವನ ಕೈಯಲ್ಲಿದ್ದ ಜರಡಿ ನಿಂತಿತು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓ... ಹೆಚ್ಚಿನ ರೊಟ್ಟಿ ನಿನಗನ ಏನು?"

"ಏನ್ರಿ?"

"ಅಲ್ಲ, ನನ್ನ ಮಗ ಹುಟ್ಟಿದಾಗಿಂದ ಒಂದು ರೊಟ್ಟಿ ಹೆಚ್ಚಿಗಿ ಕೇಳಿದಾಂವ ಅಲ್ಲ. ಕಟ್ಟಿದ್ರೂ ತಗದಿಟ್ಟು ಹೋಗ್ತಿದ್ದ. ಈಗೀಗ ಎರಡು ಹೆಚ್ಚಿಗಿ ಹಾಕಬೇ, ಎರಡು ಹೆಚ್ಚಿಗಿ ಹಾಕಬೇ ಅಂತಾನ. ಯಾರಿಗೋ ಅಂದ್ರ 'ಯಾರರ ಬಂದ್ರ' ಅಂತಾನ! ಮೊನ್ನೆ ಶನಿವಾರ ಬಂದಾಗಿಂದ ಅದನ್ನೂ ಬಿಟ್ಟಾನ. ಉಣ್ಣಾಕೂ ವೊಲ್ಲ ಅಂತಾನ."

ಕಾಂಚನಾ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಶಾರದವ್ವ ಒಳಗೆ ಹೋಗಿ ನೀರು, ಬೆಲ್ಲ ತಂದಿಟ್ಟಳು.

"ಹೊಳಿ ದಂಡಿ ಹೊಲದಾಗ ಅದಾನ. ಹಿಂಗ ನೆಟ್ಟಗ ಹೋಗು. ಬರೂಮುಂದ ಕರಕೊಂಡು ಬಾ, ಊಟಾ ಮಾಡ್ತೀರಂತ."

ತುಂಗಭದ್ರೆ ಅಲ್ಲಿ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಹೊಲದ ಬದುವಿನ ಮೇಲೆ ನದಿಯ ಕಡೆ ಮುಖ ಮಾಡಿ ಕೊಟ್ರೇಶ ಕುಳಿತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನು ದಡಕ್ಕನೆ ಎದ್ದು ನಿಂತ.

"ನೀವು... ಇಲ್ಲಿ?"

"ಗುರುವಾರನ ಕಳಿಸಿದ್ದೆ ಅಂತ ಯಾಕ ಹೇಳಲಿಲ್ಲ?" ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾರಿಹೋಗಿ ಇದೊಂದೇ ಬಂತು. "ಒಂದು ಮಾತು ಅಂದಿದ್ರ ನನ್ನ ಬಾಯಿ ಮುಚ್ಚತಿತ್ತು!"

ಅವನು ಕೈಯಲ್ಲಿದ್ದ ಜೋಳದ ಗರಿಯನ್ನು ಸೀಳುತ್ತ ನಿಂತ.

"ಅಂದಿದ್ರ ನೀವು ಮುಂದ ಕೇಳ್ತಿದ್ರಿ, ಹಂಗಾದ್ರ ಹೆಂಗ ಕೂಡಿತು ಅಂತ. ಅದಕ್ಕೇನು ಹೇಳ್ಲಿ?"

"ಈಗ ಹೇಳ್ರಿ. ಇಲ್ಲಿ ಯಾರೂ ಇಲ್ಲ."

ಅವನು ಸೀಳಿದ ಗರಿಯನ್ನು ಕೆಳಗೆ ಹಾಕಿದ.

"ಚುಕ್ಕಿ ಹತ್ರ ಬಾಣ ತಂದ್ರ ನಿಮ್ಮ ಮಾತು ನೆನಪಾಗತಿತ್ತರಿ," ಎಂದ ಅವನು, ಕಣ್ಣೆತ್ತದೆ. "ಬರ್ತಾರ ಅಂತ ನಂಬಿದ್ರ ಅಲ್ಲೇನ್ರಿ ಬರೋದು ಅಂದಿದ್ರಿ. ಕೈ ತಾನ ಮ್ಯಾಲ ಹೋಗತಿತ್ತು. ತಪ್ಪು ಅಂತ ಗೊತ್ತಿತ್ತು. ಇಳಿಸಿದ್ರೂ ಇಳೀತಿರಲಿಲ್ಲ. ನಾ ನಿಮ್ಮ ಅಂಕಿ ಕದ್ದಿಲ್ಲ... ಆದ್ರ ನಿಮ್ಮ ಕಣ್ಣಲೆ ನೋಡಾಕ ಹತ್ತಿದ್ದೆ. ಅದೂ ಒಂಥರಾ ಕಳುವನ ಅಲ್ಲೇನ್ರಿ?"

"ಹಂಗಾದ್ರ ನಾನೂ ಕಳ್ಳಿನ!"

ಅವನು ತಲೆಯೆತ್ತಿದ.

"ಮೇಡಂ ನನ್ನ ಕಡಿಂದ ಆ ಮೊದಲನೇ ಗ್ರಾಫ್ ಮತ್ತ ಓದಿಸಿದ್ರು," ಎಂದಳು ಕಾಂಚನಾ. ಕಣ್ಣೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. "ನನ್ನ ಕೈ ಇಳದೈತಿ. ನೀವು ಏರಿದಷ್ಟ ಇಳದೈತಿ! ನೀವೊಬ್ಬರ ನನ್ನ ಕಡೆ ಬಂದೀರಿ ಅಂತ ನಿಮ್ಮನ್ನ ಕಳ್ಳ ಅಂದೆ. ನಾನೂ ನಿಮ್ಮ ಕಡೆ ಬಂದಿದ್ದೆ. ನನಗ ಗೊತ್ತ ಆಗಿರಲಿಲ್ಲ."

"ಖರೇನ?"

"ಖರೆ. ತಪ್ಪಾತ್ರಿ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ನಿಂತು ಅಲ್ಲ ಅಂತ ಹೇಳಿ ಬಂದೀನಿ. ಆದ್ರ ಒಮ್ಮೆ ಅಂದದ್ದು ಅಂದಂಗನ. ನೀವು ಹೋಗು ಅಂದ್ರ ಹೊಕ್ಕೀನಿ."

ಕೊಟ್ರೇಶ ಹೆಗಲ ಮೇಲಿದ್ದ ಟವೆಲ್ ತೆಗೆದು ಅವಳ ಕೈಗಿಟ್ಟ. ಅವಳು ಮುಖ ಒರೆಸಿಕೊಂಡಳು. ಟವೆಲ್ಲಿಗೆ ಜೋಳದ ಹೊಲದ ವಾಸನೆ ಇತ್ತು.

"ಮೇಡಂ ಏನಂದ್ರು?" ಎಂದ ಕೊನೆಗೆ.

"ಲೆಕ್ಕಾ ಕಟ್ಟೋ ಕೆಲಸ ಖಾಲಿ ಐತಂತ, ಬರಬೇಕಂತ. ಮತ್ತ... ಶಾಸ್ತ್ರದ ಪ್ರಕಾರ ನಾವಿಬ್ರೂ ಎರಡು ಅಲ್ಲಂತ. ಒಂದ ಅಂತ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಕೆಂಪಾಯಿತು. ಅವನ ಮುಖದಲ್ಲಿ ಶಿರಹಟ್ಟಿಯ ಆ ನಗೆ ಮೆಲ್ಲಗೆ ಮರಳಿ ಬಂತು. ಈ ಸಲ ಬಂದದ್ದು ಹೋಗಲಿಲ್ಲ.

"ಮೇಡಂ ದೊಡ್ಡ ಶಾಸ್ತ್ರ ಓದ್ಯಾರ ಬಿಡ್ರಿ. ಅವರ ಮಾತು ಮೀರಾಕ ಆಗತೈತೇನು?"

"ನನಗ 'ರಿ' ಹಚ್ಚಿ ಮಾತಾಡಬ್ಯಾಡ."

"ಆತ್ರಿ... ಆತು."

ಇಬ್ಬರೂ ನಕ್ಕರು. ಬದುವಿನ ಮೇಲೆ ಅಕ್ಕಪಕ್ಕ ಕುಳಿತರು. ಶಿರಹಟ್ಟಿಯಲ್ಲಿ ನಡುವೆ ಇದ್ದ ಚೀಲ ಇಂದು ಇರಲಿಲ್ಲ.

"ಅವ್ವ ಊಟಕ್ಕ ಕರಕೊಂಡು ಬಾ ಅಂದಾಳ. ಹೆಚ್ಚಿನ ರೊಟ್ಟಿ ನಿನಗನ ಏನು ಅಂತ ಕೇಳಿದ್ಲು."

"ನೀ ಏನಂದಿ?"

"ಏನೂ ಅನ್ನಲಿಲ್ಲ. ಕುಂತುಬಿಟ್ಟೆ."

ಅವನು ಅವಳ ಕೈಯನ್ನು ಮೆಲ್ಲಗೆ ತನ್ನ ಕೈಯಲ್ಲಿ ತೆಗೆದುಕೊಂಡ. ಚುಕ್ಕಿ ಒತ್ತಿ ಒತ್ತಿ ದಣಿದ ಬೆರಳುಗಳು.

"ಕಾಂಚನಾ... ನಾ ಕಡಿಮಿ ಲೆಕ್ಕಾ ಹಿಡಿಯಾಂವ. ನೀ ನನ್ನ ಹುಡಿಕ್ಕೊಂಡು ಬರ್ತಿ ಅಂತ, ಹೂಂ ಅಂತಿ ಅಂತ ನಾ ಎಲ್ಲೂ ಹಿಡಿದಿರಲಿಲ್ಲ."

"ನಾ ಹೆಚ್ಚಿಗಿ ಹಿಡಿಯಾಕಿ. ಮುಂಡರಗಿ ಬಸ್ ಹತ್ತೂಕಿಂತ ಮೊದಲ, ನೀ ನನ್ನ ಜೀವನಪೂರ್ತಿ ಬಿಡಂಗಿಲ್ಲ ಅಂತ ಹಿಡಕೊಂಡು ಬಂದೀನಿ."

"ಹಂಗಾದ್ರ ಏನು ಮಾಡೂಣು? ಮೇಡಂ ಮಾಡಿದಂಗ ನಡುವ ಹಿಡಿಯೂಣೇನು?"

ಕಾಂಚನಾ ತಲೆಯಾಡಿಸಿದಳು. ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಬ್ಯಾಡ. ಇದೊಂದರಾಗ ನನ್ನ ಲೆಕ್ಕಾನ ಇರಲಿ."

"ಇರಲಿ," ಎಂದ ಕೊಟ್ರೇಶ.